ಐರ್ಲೆಂಡಿನ ಸ್ಟ್ರಾಬೆರಿ ಮರವು ಎಲ್ಲಿಂದ ಬಂತು?

ಪ್ರಕೃತಿ ಪಾಠದ ತರಗತಿಯಲ್ಲಿ ಒಂದು ಗಿಡದ ಬೇರು, ಎಲೆ, ಹೂ, ಕಾಯಿಗಳನ್ನು ವರ್ಣಿಸಿ ಮುಗಿಸಿದ ಮೇಲೆ ಅದರ ತೌರುಮನೆ ಯಾವುದೆಂದು ಕೇಳುವುದು ನಮ್ಮ ಶಾಲೆಯ ವಾಡಿಕೆ. ಈ ಪ್ರಶ್ನೆಯು ಕೇಳಲು ಸುಲಭವಾದರೂ ಉತ್ತರ ಹೇಳಲು ಅನೇಕ ವೇಳೆ ಕಷ್ಟವಾಗಿರುತ್ತದೆ. ದಕ್ಷಿಣ ಕನ್ನಡದ ಗುಡ್ಡಗಳಲ್ಲಿ ಯಾರ ಆರೈಕೆಯೂ ಇಲ್ಲದೆ ಬೆಳೆದು ನಿಂತ ಗೇರುಮರವನ್ನು ನೋಡಿದವರು ಅದು ಆದಿಯಿಂದಲೂ ಇಲ್ಲಿಯದೇ ಎಂದು ತಿಳಿದಾರು. ಆದರೆ ಅದರ ತೌರು ದಕ್ಷಿಣ ಅಮೇರಿಕದ ಬ್ರೆಜಿಲ್ ದೇಶ; ೧೬ನೆಯ ಶತಮಾನದಲ್ಲಿ ಪೋರ್ತುಗೀಸರು ಅದನ್ನು ನಮ್ಮ ಪಶ್ಚಿಮ ಕರಾವಳಿಗೆ ತಂದರು. ಇದನ್ನು ನಾವು ಧೈರ್ಯವಾಗಿ ಹೇಳಬಲ್ಲೆವು. ಯಾಕಂದರೆ ಅದು ಬರೆಹಗಳಿದ್ದ ಕಾಲದ ಸಂಗತಿ. ಬರೆಹವೇ ಇಲ್ಲದ ಕಾಲದಲ್ಲಿ ಒಂದು ಗಿಡವು ದೂರದೇಶದಿಂದ ಬಂದು ನೆಲಸಿದ್ದರೆ ಅದನ್ನು ಕಂಡುಹಿಡಿಯುವ ಬಗೆ ಹೇಗೆ? ಅದು ತಾನಾಗಿ ಬಂತೋ, ಮನುಷ್ಯನು ತಂದನೋ ಎಂಬುದಕ್ಕೆ ಸಾಕ್ಷಿ ಹೇಳುವವರು ಯಾರು? ಇಂಥದೊಂದು ಗಿಡದ ವೃತ್ತಾಂತವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಮಕ್ಕಳ ತಾಯಿತಂದೆಗಳಿಗೂ ಈ ಸಂಚಿಕೆಯಲ್ಲಿ ತಿಳಿಸಬೇಕೆಂದು ಅಪೇಕ್ಷಿಸುತ್ತೇವೆ.

ಆ ಗಿಡದ ಹೆಸರು ಸ್ಟ್ರಾಬೆರಿ ಮರ. ಸಸ್ಯಶಾಸ್ತ್ರಜ್ಞರು ಅದನ್ನು ಅರ್ಬ್ಯುಟಸ್ ಉನೆಡೊ ಎಂದು ಕರೆಯುತ್ತಾರೆ. ಹೆಸರು ಹಾಗಿದ್ದರೂ ನೆಲದ ಮೇಲೆ ಹಬ್ಬುವ ಸ್ಟ್ರಾಬೆರಿಗೂ ಇದಕ್ಕೂ ನಂಟಿಲ್ಲ. ನೀಲಗಿರಿಯ ಎತ್ತರದ ಬೆಟ್ಟಗಳಲ್ಲಿ ಕೆಂಪು ಹೂಗಳನ್ನು ಬಿಡುವ ರೋಡೊಡೆಂಡ್ರನ್ ಮರವು ಯಾವ ಸಸ್ಯಕುಟುಂಬಕ್ಕೆ ಸೇರಿದೆಯೋ ಆ ಕುಟುಂಬಕ್ಕೇ ಇದೂ ಸೇರಿದೆ. ಬಿಸಿಲು ಹೆಚ್ಚಾದ ಕಡೆ ಪೊದೆಯಾಗಿಯೂ ಅನುಕೂಲ ಸಿಕ್ಕಿದ ಕಡೆ ಸಣ್ಣ ಮರವಾಗಿಯೂ ಬೆಳೆಯುತ್ತದೆ. ಎಲೆಗಳು ವರ್ಷವೆಲ್ಲ ಹಸುರು, ಹೊಳಪುಳ್ಳವು, ಅಂಚಿನಲ್ಲಿ ಗರಗಸದ ಹಲ್ಲಿನಂತಿರುವವು, ತೊಗಟೆ ಕೆಂಗಂದು. ಚಿಕ್ಕ ಗಡಿಗೆಗಳನ್ನು ತಲೆಕೆಳಗಾಗಿ ತೂಗಹಾಕಿದಂತೆ ಬಿಳಿಯ ಹೂಗಳು ಗೊಂಚಲುಗೊಂಚಲಾಗಿ ಬಿಡುವುವು. ಇದರಲ್ಲಿ ಒಂದು ವಿಶೇಷವುಂಟು. ಹೂಗಳು ಶರತ್ಕಾಲದಲ್ಲಿ ಅರಳುವುವು. ಅವು ಕಾಯಾಗಿ ಹಣ್ಣಾಗಲು ಸುಮಾರು ಹನ್ನೆರಡು ತಿಂಗಳು ಹಿಡಿಯುವುದು. ಆದುದರಿಂದ ಈ ವರ್ಷದ ಹೂವೂ ಹೋದ ವರ್ಷದ ಹಣ್ಣೂ ಒಂದೇ ಕೊಂಬೆಯಲ್ಲಿ ಒಂದೇ ಕಾಲಕ್ಕೆ ಕಾಣುವುವು. ಹಣ್ಣು ಕೆಂಪಾಗಿ, ಉರುಟಾಗಿ, ಮೈಯೆಲ್ಲ ತರಿತರಿಯಾಗಿ ನೋಡಲು ಬಲು ಸೊಗಸು; ರುಚಿ ಮಾತ್ರ ಸಪ್ಪೆ. ಒಂದನ್ನು ತಿಂದವನು ಎರಡನೆಯದಕ್ಕೆ ಕೈ ಚಾಚುವುದಿಲ್ಲವೆಂಬ ಅರ್ಥದಿಂದಲೇ ಲ್ಯಾಟಿನ್ ಭಾಷೆಯ ಉನೆಡೊ ಎಂಬ ಹೆಸರು ಬಂತೆಂದು ರೋಮಿನ ಪ್ಲಿನಿಯು ಹೇಳಿದನು. ಆದರೂ ಸ್ಪೇನ್, ಪೋರ್ತುಗಲ್ ದೇಶದವರಿಗೆ ಈ ಮರದ ಮೇಲೆ ಬಹಳ ಮಮತೆ. ಮ್ಯಾಡ್ರಿಡ್ ನಗರದ ಲಾಂಛನದಲ್ಲಿ ಒಂದು ಕರಡಿಯು ಇದೇ ಮರಕ್ಕೆ ಮುಂಗಾಲು ಕೊಟ್ಟು ನಿಂತಿರುವುದನ್ನು ಕಾಣಬಹುದು.

ಈ ಮರದ ಸಹಜವಾದ ಸೀಮೆ ಮೆಡಿಟರೇನಿಯನ್ ಎಂಬ ಭೂಮಧ್ಯ ಸಮುದ್ರದ ಸುತ್ತಣ ದೇಶಗಳು. ಬೇಸಿಗೆಯಲ್ಲಿ ಒಣ ಬಿಸಿಲು, ಚಳಿಗಾಲದಲ್ಲಿ ಹಿತವಾದ ಮಳೆ, ಇದು ಅದಕ್ಕೆ ಒಗ್ಗಿದ ಹವೆ. ಪೋರ್ತುಗಲ್ ಮತ್ತು ಉತ್ತರ ಸ್ಪೇನಿನಿಂದ ಫ್ರಾನ್ಸಿನ ಪಶ್ಚಿಮ ಕರಾವಳಿಯನ್ನು ಹಿಡಿದು ಬ್ರಿಟನಿಯವರೆಗೆ ಅಲ್ಲಲ್ಲಿ ಅದು ಬೆಳೆಯುತ್ತದೆ. ಅಲ್ಲಿಂದ ಮುಂದೆ ಇಂಗ್ಲೆಂಡಿನಲ್ಲಿ, ತೋಟಗಳಿಂದ ತಪ್ಪಿಸಿಕೊಂಡು ಬೆಳೆದವುಗಳನ್ನು ಬಿಟ್ಟರೆ, ಕಾಡುಮರವಾಗಿ ಅದು ಇಲ್ಲ. ಹೀಗಿರಲಾಗಿ, ಇಂಗ್ಲೆಂಡಿಗೂ ಆಚೆ, ಮಳೆ ಮೋಡಗಳು ಸದಾ ಮುತ್ತಿಕೊಂಡಿರುವ ಐರ್ಲೆಂಡಿನ ನೈಋತ್ಯ ಮೂಲೆಯಲ್ಲಿ, ಕೆರ್ರಿ ಸೀಮೆಯ ಕಿಲ್ಲಾರ್ನಿ ಸರೋವರಗಳ ದಡದಲ್ಲಿ, ಅದು ಕಾಡಾಗಿ ಬೆಳೆದಿದೆ. ಕಾರ್ಕ್ ಸೀಮೆಯಲ್ಲಿಯೂ ಉಂಟು. ಇನ್ನೂ ಉತ್ತರದಲ್ಲಿ ಸ್ಲೈಗೊ ಊರಿನ ಹತ್ತಿರ ಗಿಲ್ ಎಂಬ ಸರೋವರದ ಬಳಿಯಲ್ಲಿಯೂ ಉಂಟು. ಭೂಮಿಯ ಮೇಲೆ ಈ ಮರವು ಕಾಡುಮರವಾಗಿ ಬೆಳೆಯುವ ಅತ್ಯಂತ ಉತ್ತರದ ಸ್ಥಳ ಅದೇ. ಅಟ್ಲಾಂಟಿಕ್ ಸಮುದ್ರದ ಬಿಸಿ ಪ್ರವಾಹದ ದೆಸೆಯಿಂದ ಐರ್ಲೆಂಡಿನ ಪಶ್ಚಿಮ ಭಾಗದಲ್ಲಿ ಕಡುಹಿಮ ಬೀಳುವುದು ಅಪರೂಪ. ಆದುದರಿಂದ ಮರವು ಅಲ್ಲಿ ಬದುಕಿ ಉಳಿದುದು ಆಶ್ಚರ್ಯವಲ್ಲ. ಅಲ್ಲಿಗೆ ಹೇಗೆ ತಲುಪಿತೆಂಬುದೇ ಆಶ್ಚರ್ಯ. ಉತ್ತರ ಸ್ಪೇನಿಗೂ ಕೆರ್ರಿಗೂ ನಡುವೆ ೫೦೦ ಮೈಲಿಗಳಿಗಿಂತ ಹೆಚ್ಚಿನ ಕಡಲು ಇದೆ.

ಐರ್ಲೆಂಡಿನವರಿಗೆ ಈ ಮರವು ಹೊಸ ಪರಿಚಯವಲ್ಲ. ೮ನೆಯ ಶತಮಾನದ ಅವರ ಹಳೆಯ ಧರ್ಮಶಾಸ್ತ್ರದಲ್ಲಿ ೨೮ ಬಗೆಯ ಗಿಡಮರಗಳನ್ನು ಏಳೇಳರಂತೆ ನಾಲ್ಕು ವರ್ಗಗಳಾಗಿ ವಿಂಗಡಿಸಿ, ಕಡಿದವರಿಗೆ ದಂಡವನ್ನು ಗೊತ್ತುಮಾಡಿತ್ತು. ಓಕ್ ಮೊದಲಾದವು ಪ್ರಭುಗಳ ವರ್ಗದಲ್ಲಿವೆ. ನಮ್ಮ ಸ್ಟ್ರಾಬೆರಿ ಮರವು ಕಾಹ್ನೆ ಎಂಬ ಹೆಸರಿನಿಂದ ಮೂರನೆಯ ವರ್ಗದಲ್ಲಿದೆ. ೧೬೪೦ರಲ್ಲಿ ಇಂಗ್ಲೆಂಡಿನ ಜಾನ್ ಪಾರ್ಕಿನ್ಸನ್ ಎಂಬವನು ತನ್ನ ಸಸ್ಯಗ್ರಂಥದಲ್ಲಿ ಐರ್ಲೆಂಡಿನ ಈ ಮರವನ್ನು ಉಲ್ಲೇಖಿಸಿದನು. ಇದಾದ ಅರವತ್ತು ವರ್ಷಗಳ ಮೇಲೆ, ಆಕ್ಸ್‌ಫರ್ಡಿನ ಆಶ್ಮೋಲಿಯನ್ ವಸ್ತುಸಂಗ್ರಹಾಲಯದ ಪಾಲಕನಾಗಿದ್ದ ಎಡ್ವರ್ಡ್ ಲ್ಹೂಯಿಡ್ ಎಂಬ ವೇಲ್ಸ್ ದೇಶದ ಪಂಡಿತನು ೧೬೯೯ ಮತ್ತು ೧೭೦೦ರಲ್ಲಿ ಐರ್ಲೆಂಡನ್ನು ಸಂಚರಿಸಿದನು. ಹಳೆಯ ಭಾಷೆಗಳನ್ನೂ ಗಿಡಮೂಲಿಕೆಗಳನ್ನೂ ಒಟ್ಟಿಗೆ ಸಂಗ್ರಹಿಸುವುದು ಅವನ ಕೆಲಸ. ಕಿಲ್ಲಾರ್ನಿಯ ಬೆಟ್ಟಗಳಲ್ಲಿ ದರೋಡೆಗಾರರ ಭಯದಿಂದ ಅವನು ಎಣಿಸಿದ್ದಕ್ಕಿಂತ ಬೇಗನೆ ಇಳಿದು ಹೋಗಬೇಕಾಯಿತು. ಆದರೂ ಸ್ಪೇನಿನ ಗಿಡವೆಂದು ಪ್ರಸಿದ್ಧವಾಗಿದ್ದ ಒಂದು ಚೆಲುವಾದ ಹೀತ್ ಪೊದೆಯನ್ನು ಅವನು ಪಶ್ಚಿಮ ಐರ್ಲೆಂಡಿನ ಜೌಗು ನೆಲಗಳಲ್ಲಿ ಕಂಡುಹಿಡಿದನು. ಅವನ ಪತ್ರಗಳು ಅವನ ಮರಣಾನಂತರ ೧೭೧೨ರಲ್ಲಿ ಅಚ್ಚಾದುವು. ಕಾಲಕ್ರಮದಲ್ಲಿ ಇಂಥ ಜೀವಿಗಳ ಪಟ್ಟಿಯೇ ಬೆಳೆಯಿತು; ೧೮೪೨ರಲ್ಲಿ ಕೆರ್ರಿಯಲ್ಲಿ ಸಿಕ್ಕಿದ, ಮೈಮೇಲೆ ಚುಕ್ಕೆಗಳುಳ್ಳ ಒಂದು ಗೊಂಡೆಹುಳು ಕೂಡ ಸ್ಪೇನ್ ಪೋರ್ತುಗಲ್‌ಗಳಲ್ಲಿ ಮಾತ್ರ ಇರುವಂಥದು. ರೋಮನರು ಪೋರ್ತುಗಲ್ ಸೀಮೆಗೆ ಇಟ್ಟಿದ್ದ ಲುಸಿಟೇನಿಯ ಎಂಬ ಹೆಸರಿನಿಂದ ಇವುಗಳನ್ನು ಲುಸಿಟೇನಿಯದ ಜೀವಿಗಳೆಂದು ಕರೆದರು.

ಈ ಒಗಟನ್ನು ಬಿಡಿಸಲು ವಿದ್ವಾಂಸರು ಮೂರು ಬಗೆಯ ವಿವರಣೆಗಳನ್ನು ಕೊಟ್ಟರು. ೧೮೪೬ರಲ್ಲಿ ಎಡ್ವರ್ಡ್ ಫೋರ್ಬ್ಸ್ ಎಂಬವನು, ಪೂರ್ವಕಾಲದಲ್ಲಿ ಸ್ಪೇನಿನಿಂದ ಐರ್ಲೆಂಡಿನವರೆಗೆ ನೆಲವೇ ಇದ್ದಿತು, ಅದು ಆಮೇಲೆ ಕಡಲಲ್ಲಿ ಮುಳುಗಿತು ಎಂದನು. ಸಮುದ್ರತಳದ ಜ್ಞಾನ ಬೆಳೆದ ಮೇಲೆ ಈ ಮಾತು ನಿಲ್ಲಲಿಲ್ಲ. ಎರಡನೆಯ ವಿವರಣೆಯು ಹಿಮಯುಗಕ್ಕೆ ಸಂಬಂಧಿಸಿದ್ದು. ಸುಮಾರು ೨೦,೦೦೦ ವರ್ಷಗಳ ಹಿಂದೆ ಐರ್ಲೆಂಡಿನ ಬಹುಭಾಗವು ಹಿಮಗಡ್ಡೆಯ ಕೆಳಗಿತ್ತು. ಅಷ್ಟೊಂದು ನೀರು ಹಿಮವಾಗಿ ನಿಂತದ್ದರಿಂದ ಕಡಲಿನ ಮಟ್ಟವು ಇಂದಿಗಿಂತ ೧೦೦ ಮೀಟರಿಗೂ ಹೆಚ್ಚು ಕೆಳಗಿತ್ತು. ಹಿಮವು ಕರಗತೊಡಗಿದಾಗ, ಇನ್ನೂ ಮುಳುಗದಿದ್ದ ಕರಾವಳಿಯನ್ನು ಹಿಡಿದು ಈ ಮರವು ತಲೆಮಾರಿನಿಂದ ತಲೆಮಾರಿಗೆ ಉತ್ತರಕ್ಕೆ ನಡೆದು ಬಂತೆಂದು ಕೆಲವರು ಹೇಳಿದರು. ಮೂರನೆಯ ವಿವರಣೆ ಹಕ್ಕಿಗಳದು. ಹಣ್ಣು ತಿಂದ ಹಕ್ಕಿಯು ಬೀಜವನ್ನು ಹೊಟ್ಟೆಯಲ್ಲಿಟ್ಟುಕೊಂಡು ಹಾರಿ ಬಂದು ಇಲ್ಲಿ ಉದುರಿಸಿರಬಹುದು. ಇದು ಕೇಳಲು ಸರಳವಾಗಿದೆ. ಆದರೆ ಹಣ್ಣು ಮಾಗುವುದು ಶರತ್ಕಾಲ ಚಳಿಗಾಲಗಳಲ್ಲಿ. ಆ ಕಾಲದಲ್ಲಿ ವಲಸೆಯ ಹಕ್ಕಿಗಳು ಉತ್ತರದಿಂದ ದಕ್ಷಿಣಕ್ಕೆ ಹೋಗುವುವೇ ಹೊರತು ದಕ್ಷಿಣದಿಂದ ಉತ್ತರಕ್ಕೆ ಬರುವುದಿಲ್ಲ. ಹೀಗೆ ಮೂರು ವಿವರಣೆಗಳಿದ್ದರೂ ಮೂರರಲ್ಲಿಯೂ ಒಂದು ಮಾತು ಸಮಾನ: ಮರವು ಮನುಷ್ಯನ ಸಹಾಯವಿಲ್ಲದೆ ಬಂತು, ಆದುದರಿಂದ ಅದು ಐರ್ಲೆಂಡಿನ ಸ್ವಂತ ಮರ.

೨೦೨೧ರಲ್ಲಿ ಮಿಶಲೀನ್ ಶೀಹಿ ಸ್ಕೆಫಿಂಗ್ಟನ್ ಎಂಬ ಸಸ್ಯಶಾಸ್ತ್ರಜ್ಞೆಯೂ ನಿಕ್ ಸ್ಕಾಟ್ ಎಂಬವರೂ ಕೂಡಿ ಬರೆದ ಲೇಖನದಲ್ಲಿ ಈ ಸಮಾನವಾದ ಮಾತನ್ನೇ ಪ್ರಶ್ನಿಸಿದರು. ಆಕೆಯ ಅಜ್ಜಿ ಹ್ಯಾನಾ ಶೀಹಿ ಸ್ಕೆಫಿಂಗ್ಟನ್ ಐರ್ಲೆಂಡಿನ ಸ್ತ್ರೀಯರಿಗೆ ಮತದ ಹಕ್ಕು ದೊರೆಯಬೇಕೆಂದು ೧೯೦೮ರಲ್ಲಿ ಸಂಘವನ್ನು ಕಟ್ಟಿ ಹೋರಾಡಿದವರು ಎಂಬುದನ್ನು ತಿಳಿದರೆ ನಮ್ಮ ಹೆಣ್ಣುಮಕ್ಕಳಿಗೆ ಸಂತೋಷವಾದೀತು. ಎಲ್ಲರೂ ಒಪ್ಪಿ ಕುಳಿತ ಮಾತನ್ನು ಮತ್ತೊಮ್ಮೆ ಪರೀಕ್ಷಿಸುವ ಧೈರ್ಯವು ಆ ಮನೆತನದಲ್ಲಿಯೇ ಇರಬೇಕು. ಆದರೆ ಶಾಸ್ತ್ರದಲ್ಲಿ ಧೈರ್ಯ ಮಾತ್ರ ಸಾಲದು, ಸಾಕ್ಷಿಗಳು ಬೇಕು. ಅವರು ಮುಂದಿಟ್ಟ ಸಾಕ್ಷಿಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯ ಸಾಕ್ಷಿ ಕೆಸರು. ಸರೋವರಗಳ ತಳದಲ್ಲಿಯೂ ಜೌಗು ನೆಲದಲ್ಲಿಯೂ ವರ್ಷವರ್ಷವೂ ಕೆಸರು ಪದರಪದರವಾಗಿ ಕೂರುತ್ತದೆ. ಸುತ್ತಣ ಹೂಗಳ ಪರಾಗವು ಆ ಪದರಗಳಲ್ಲಿ ಸಿಕ್ಕಿಕೊಂಡು ಸಾವಿರಾರು ವರ್ಷ ಕೆಡದೆ ಇರುತ್ತದೆ. ಉದ್ದವಾದ ಕೊಳವೆಯನ್ನು ಇಳಿಸಿ ಆ ಕೆಸರನ್ನು ಮೇಲೆ ತೆಗೆದು, ಸೂಕ್ಷ್ಮದರ್ಶಕದಲ್ಲಿ ಪರಾಗದ ಕಣಗಳನ್ನು ಗುರುತಿಸಿದರೆ, ಯಾವ ಕಾಲದಲ್ಲಿ ಯಾವ ಮರವಿತ್ತೆಂಬುದನ್ನು ಪುಸ್ತಕದ ಪುಟಗಳಂತೆ ಓದಬಹುದು. ಸ್ಟ್ರಾಬೆರಿ ಮರದ ಪರಾಗಕಣಗಳು ನಾಲ್ಕು ನಾಲ್ಕು ಒಟ್ಟಿಗೆ ಅಂಟಿಕೊಂಡಿರುವುವು. ಕಿಲ್ಲಾರ್ನಿಯ ಬಳಿಯಲ್ಲಿ ದೊರೆತ ಇದರ ಪರಾಗವು ಸುಮಾರು ೪,೦೦೦ ವರ್ಷಗಳಷ್ಟು ಹಿಂದಕ್ಕೆ ಹೋಗುವುದು. ಹಿಮವು ಕರಗಿ ಕಾಡುಗಳು ಬೆಳೆದದ್ದು ಅದಕ್ಕಿಂತ ಬಹು ಹಿಂದೆ. ನಡೆದು ಬಂದ ಮರವಾಗಿದ್ದರೆ ಇಷ್ಟು ತಡಮಾಡಿ ಬಂದದ್ದೇಕೆ?

ಎರಡನೆಯ ಸಾಕ್ಷಿ ವಂಶವಾಹಿಗಳು. ಮಕ್ಕಳ ಮುಖದಲ್ಲಿ ಹಿರಿಯರ ಹೋಲಿಕೆ ಉಳಿಯುವಂತೆ ಗಿಡದ ಜೀವಕಣಗಳಲ್ಲಿಯೂ ಪೂರ್ವಜರ ಗುರುತು ಉಳಿಯುತ್ತದೆ. ಈ ಗುರುತುಗಳನ್ನು ಪರೀಕ್ಷಿಸಿದವರು ಐರ್ಲೆಂಡಿನ ಮರಗಳ ನಂಟನ್ನು ಉತ್ತರ ಸ್ಪೇನಿನ ಮರಗಳಲ್ಲಿ ಕಂಡರು. ಕರಾವಳಿಯುದ್ದಕ್ಕೂ ಹೆಜ್ಜೆಹೆಜ್ಜೆಯಾಗಿ ಬಂದಿದ್ದರೆ ನಡುದಾರಿಯ ಫ್ರಾನ್ಸಿನ ಮರಗಳೇ ಅತಿ ಸಮೀಪದ ಬಂಧುಗಳಾಗಿರಬೇಕಾಗಿತ್ತು. ಸ್ಪೇನಿನಿಂದ ನೆಟ್ಟಗೆ ಕಡಲು ದಾಟಿ ಬಂತೆಂಬ ಅನುಮಾನಕ್ಕೆ ಇದು ಬಲ ಕೊಡುತ್ತದೆ.

ಮೂರನೆಯ ಸಾಕ್ಷಿ ತಾಮ್ರದ ಗಣಿ. ಕಿಲ್ಲಾರ್ನಿಯ ದೊಡ್ಡ ಸರೋವರದ ದಡದಲ್ಲಿ ರಾಸ್ ದ್ವೀಪವೆಂಬ ಸ್ಥಳವಿದೆ. ೧೯೯೦ರ ದಶಕದಲ್ಲಿ ವಿಲಿಯಂ ಓಬ್ರಿಯನ್ ಎಂಬ ಪ್ರಾಕ್ತನ ಶಾಸ್ತ್ರಜ್ಞರು ಅಲ್ಲಿ ಅಗೆಸಿ, ಕ್ರಿಸ್ತಪೂರ್ವ ಸುಮಾರು ೨೪೦೦ರಿಂದ ಅಲ್ಲಿ ತಾಮ್ರವನ್ನು ತೆಗೆಯುತ್ತಿದ್ದರೆಂದು ತೋರಿಸಿದರು. ವಾಯವ್ಯ ಯೂರೋಪಿನಲ್ಲಿ ಇದುವರೆಗೆ ತಿಳಿದಿರುವ ಅತಿ ಪುರಾತನವಾದ ತಾಮ್ರದ ಗಣಿ ಅದು. ಅಗಲವಾದ ಬಾಯಿಯ ಒಂದು ಬಗೆಯ ಮಣ್ಣಿನ ಪಾತ್ರೆಗಳ ಚೂರುಗಳು ಅಲ್ಲಿ ಸಿಕ್ಕಿವೆ. ಇಂಥ ಪಾತ್ರೆಗಳನ್ನು ಬಳಸುತ್ತಿದ್ದ ಜನರು ಆ ಕಾಲದಲ್ಲಿ ಸ್ಪೇನ್, ಪೋರ್ತುಗಲ್ ಮುಂತಾದ ದೇಶಗಳಲ್ಲಿಯೂ ಇದ್ದರು; ತಾಮ್ರದ ಕೆಲಸವು ಅಲ್ಲಿ ಐರ್ಲೆಂಡಿಗಿಂತ ಮೊದಲೇ ಗೊತ್ತಿತ್ತು. ಅದಿರನ್ನು ಹುಡುಕುತ್ತ ದೋಣಿಗಳಲ್ಲಿ ಬಂದ ಗಣಿಗಾರರೇ ಈ ಮರವನ್ನು ತಂದಿರಬೇಕೆಂಬುದು ಆ ಲೇಖಕರ ವಾದ. ಮರವು ದಟ್ಟವಾಗಿರುವುದೂ, ಹಳೆಯ ಗಣಿಯಿರುವುದೂ, ಹಳೆಯ ಪರಾಗ ದೊರೆತದ್ದೂ ಒಂದೇ ಸರೋವರದ ಸುತ್ತಿನಲ್ಲಿ ಎಂಬುದನ್ನು ವಾಚಕರು ಗಮನಿಸಬೇಕು.

ಸಪ್ಪೆ ಹಣ್ಣಿನ ಮರವನ್ನು ಕಡಲು ದಾಟಿಸುವಷ್ಟು ಅಗತ್ಯವೇನಿತ್ತೆಂದು ಯಾರಾದರೂ ಕೇಳಬಹುದು. ಪೋರ್ತುಗಲ್ಲಿನಲ್ಲಿ ಇಂದಿಗೂ ಆ ಹಣ್ಣನ್ನು ಕೊಳೆಯಿಸಿ ಕಡುಮದ್ಯವನ್ನು ಇಳಿಸುತ್ತಾರೆ. ಮದ್ಯಪಾನವನ್ನು ವಿರೋಧಿಸುವ ಪಕ್ಷದವರಾದ ನಾವು ಇದನ್ನು ಹೊಗಳಿ ಹೇಳುತ್ತಿಲ್ಲ. ಸಂಗತಿ ಇದ್ದಂತೆ ಹೇಳಬೇಕಾಗಿದೆ. ಎಲೆ ತೊಗಟೆಗಳಿಂದ ತೊಗಲನ್ನು ಹದಮಾಡುವುದೂ ಉಂಟು. ಇವೆಲ್ಲಕ್ಕಿಂತ ಮುಖ್ಯವಾದ ಕಾರಣವು ನಮ್ಮ ಹೆಂಗಸರಿಗೆ ಹೇಳದೆಯೇ ತಿಳಿಯುವುದು. ಪರಸ್ಥಳಕ್ಕೆ ಹೋಗುವವರು ತೌರಿನ ಹಿತ್ತಲಿನಿಂದ ಒಂದು ಮಲ್ಲಿಗೆಯ ಕಡ್ಡಿಯನ್ನೋ ಕರಿಬೇವಿನ ಸಸಿಯನ್ನೋ ಒದ್ದೆಬಟ್ಟೆಯಲ್ಲಿ ಸುತ್ತಿಕೊಂಡು ಹೋಗುವುದಕ್ಕೆ ಲಾಭನಷ್ಟಗಳ ಲೆಕ್ಕ ಯಾರಿಗೆ ಬೇಕು?

ಆದರೂ ಈ ವಾದವು ಇನ್ನೂ ಸಿದ್ಧಾಂತವಾಗಿಲ್ಲ. ಸ್ಟ್ರಾಬೆರಿ ಮರದ ಪರಾಗವನ್ನು ಸಾಗಿಸುವುದು ಗಾಳಿಯಲ್ಲ, ಜೇನುಹುಳು ಮೊದಲಾದ ಕೀಟಗಳು; ಆದುದರಿಂದ ಅದು ಕೆಸರಿಗೆ ಬೀಳುವುದು ಬಹು ಕಡಿಮೆ. ೪,೦೦೦ ವರ್ಷಗಳ ಹಿಂದಿನ ಪದರಗಳಲ್ಲಿ ಕಾಣಲಿಲ್ಲವೆಂಬುದರಿಂದಲೇ ಮರವು ಇರಲಿಲ್ಲವೆಂದು ತೀರ್ಮಾನಿಸುವುದು ಸರಿಯಲ್ಲವೆಂದು ಎದುರು ಪಕ್ಷದವರು ಹೇಳಬಹುದು. ವಂಶವಾಹಿಗಳು ನಂಟನ್ನು ತೋರಿಸುವುವೇ ಹೊರತು, ಬೀಜವನ್ನು ಹಕ್ಕಿ ತಂತೋ ಮನುಷ್ಯ ತಂದನೋ ಎಂಬುದನ್ನು ತೋರಿಸಲಾರವು. ಐರ್ಲೆಂಡಿನ ಪೂರ್ವಿಕರು ಸ್ಪೇನಿನಿಂದ ಕಡಲ ಮೇಲೆ ಬಂದರೆಂದು ಆ ದೇಶದ ಪುರಾತನ ಕಥೆಗಳು ಹೇಳುವುದುಂಟು. ಕಥೆಯನ್ನು ಚರಿತ್ರೆಯೆಂದು ಎಣಿಸಬಾರದು. ನಮ್ಮ ವಿದ್ಯಾರ್ಥಿನಿಯರು ಇದರಿಂದ ಕಲಿಯತಕ್ಕದ್ದು ಏನೆಂದರೆ, ಒಂದೊಂದು ಸಾಕ್ಷಿಯೂ ಬೇರೆ ಬೇರೆಯಾಗಿ ದುರ್ಬಲವಾಗಿದ್ದರೂ, ಪರಸ್ಪರ ಗುರುತಿಲ್ಲದ ಮೂವರು ಸಾಕ್ಷಿಗಳು ಒಂದೇ ಮಾತನ್ನು ಹೇಳಿದಾಗ ನ್ಯಾಯಾಧಿಪತಿಯು ಕಿವಿಗೊಡಲೇಬೇಕಾಗುತ್ತದೆ.

ಇಷ್ಟೆಲ್ಲ ವಿಚಾರವು ಪಂಡಿತರ ಕಾಲಹರಣವಲ್ಲ. ಒಂದು ಗಿಡವನ್ನು ಸ್ವದೇಶದ್ದೆಂದು ಕರೆದರೆ ಅದನ್ನು ಕಾಪಾಡಬೇಕೆಂದೂ, ಪರದೇಶದ್ದೆಂದು ಕರೆದರೆ ಅದನ್ನು ಅಲಕ್ಷಿಸಬಹುದೆಂದೂ, ಕೆಲವು ವೇಳೆ ಕಿತ್ತೇ ಹಾಕಬೇಕೆಂದೂ ಜನರು ತಿಳಿಯುತ್ತಾರೆ. ಹಿಂದೆ ಕಬ್ಬಿಣದ ಕುಲುಮೆಗಳ ಇದ್ದಲಿಗಾಗಿ ಕಿಲ್ಲಾರ್ನಿಯ ಸ್ಟ್ರಾಬೆರಿ ಮರಗಳು ಅಪಾರವಾಗಿ ಕಡಿಯಲ್ಪಟ್ಟುವು. ೧೯ನೆಯ ಶತಮಾನದಲ್ಲಿ ಅಲ್ಲಿಯ ಬಡಗಿಗಳು ಅದರ ಮರದಿಂದ ಚಿತ್ತಾರದ ಮೇಜು ಪೆಟ್ಟಿಗೆಗಳನ್ನು ಮಾಡಿ ಪ್ರವಾಸಿಗಳಿಗೆ ಮಾರಿ ಜೀವಿಸಿದರು. ೧೯೩೨ರಲ್ಲಿ ಮಕ್ರಾಸ್ ಎಂಬ ಜಮೀನು ರಾಷ್ಟ್ರಕ್ಕೆ ದಾನವಾಗಿ ಬಂದು ಐರ್ಲೆಂಡಿನ ಮೊದಲನೆಯ ರಾಷ್ಟ್ರೀಯ ವನವಾದಂದಿನಿಂದ ಉಳಿದ ಮರಗಳಿಗೆ ಆಶ್ರಯ ದೊರೆತಿದೆ. ಪರದೇಶದ್ದೆಂದು ತಿಳಿದುಬಂದರೆ ಆ ಆಶ್ರಯವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೇ?

ಉತ್ತರವನ್ನು ಹುಡುಕಲು ಅದೇ ಕಿಲ್ಲಾರ್ನಿಯ ಕಾಡಿನಲ್ಲಿರುವ ಇನ್ನೊಂದು ಗಿಡವನ್ನು ನೋಡಬೇಕು. ಅದು ನೇರಳೆ ಬಣ್ಣದ ಹೂ ಬಿಡುವ ಒಂದು ರೋಡೊಡೆಂಡ್ರನ್. ಸ್ಟ್ರಾಬೆರಿ ಮರದ ಕುಟುಂಬವೇ ಅದರ ಕುಟುಂಬ. ಅದರ ತೌರುಗಳಲ್ಲಿ ಸ್ಪೇನ್ ಪೋರ್ತುಗಲ್‌ಗಳೂ ಸೇರಿವೆ. ೧೮ನೆಯ ಶತಮಾನದಿಂದ ಈಚೆಗೆ ಶ್ರೀಮಂತರು ಚಂದಕ್ಕಾಗಿ ಅದನ್ನು ಬ್ರಿಟನ್ ಐರ್ಲೆಂಡ್‌ಗಳ ತೋಟಗಳಲ್ಲಿ ನೆಡಿಸಿದರು. ತೋಟದ ಬೇಲಿಯನ್ನು ದಾಟಿದ ಆ ಪೊದೆಯು ಓಕ್ ಮರಗಳ ಕೆಳಗೆ ಎಷ್ಟು ದಟ್ಟವಾಗಿ ಹಬ್ಬಿತೆಂದರೆ, ಅದರ ನೆರಳಿನಲ್ಲಿ ಒಂದು ಓಕ್ ಸಸಿಯೂ ತಲೆಯೆತ್ತಲಾರದು. ಅದರ ಎಲೆ ವಿಷವಾದುದರಿಂದ ದನಕುರಿಗಳು ಮೂಸಿಯೂ ನೋಡವು. ದಶಕಗಳಿಂದ ಕಡಿದರೂ ಅದು ತೀರಿಲ್ಲ. ಆಶ್ಚರ್ಯವೇನೆಂದರೆ, ಲಕ್ಷಾಂತರ ವರ್ಷಗಳ ಹಿಂದಿನ ಒಂದು ಬೆಚ್ಚನೆಯ ಯುಗದಲ್ಲಿ ಇದೇ ರೋಡೊಡೆಂಡ್ರನ್ ಐರ್ಲೆಂಡಿನಲ್ಲಿ ತಾನಾಗಿ ಬೆಳೆಯುತ್ತಿತ್ತು. ಗಾಲ್ವೆ ಸೀಮೆಯ ಗಾರ್ಟ್ ಎಂಬಲ್ಲಿಯ ಹಳೆಯ ಮಣ್ಣಿನಲ್ಲಿ ಅದರ ಕುರುಹುಗಳು ದೊರೆತಿವೆ. ಹಿಮಯುಗವು ಅದನ್ನು ಅಳಿಸಿತು. ಪುರಾತನತ್ವವೇ ಹಕ್ಕಾದರೆ ಈ ಹಾಳುಗೆಡಹುವ ಪೊದೆಗೆ ಇರುವ ಹಕ್ಕು ಸ್ಟ್ರಾಬೆರಿ ಮರಕ್ಕೆ ಇಲ್ಲ. ಆದರೆ ಸ್ಟ್ರಾಬೆರಿ ಮರವು ಬಂಡೆಗಳ ಸಂದಿಯಲ್ಲಿಯೂ ಸರೋವರದ ಅಂಚಿನಲ್ಲಿಯೂ ತನಗೆ ಸಿಕ್ಕಿದ ಎಡೆಯಲ್ಲಿ ನಿಂತು, ಉಳಿದವರ ಬೆಳಕನ್ನು ಕಸಿದುಕೊಳ್ಳದೆ, ಬೇರೆ ಹೂಗಳಿಲ್ಲದ ಕಾಲದಲ್ಲಿ ಜೇನಿಗೆ ಹೂವನ್ನೂ ಹಕ್ಕಿಗೆ ಹಣ್ಣನ್ನೂ ಕೊಟ್ಟುಕೊಂಡು ನಾಲ್ಕು ಸಾವಿರ ವರ್ಷ ಬಾಳಿದೆ. ನಮ್ಮ ನಾಡಿನಲ್ಲಿಯೂ ಹೊರಗಿನಿಂದ ಬಂದ ಗೇರುಮರವು ಬಡವರ ಮನೆಯನ್ನು ನಡೆಯಿಸಿದರೆ, ಹೊರಗಿನಿಂದಲೇ ಬಂದ ಲಂಟಾನವು ಕಾಡುಗಳನ್ನು ಮುಚ್ಚಿಹಾಕಿದೆ.

ಆದುದರಿಂದ ನಮ್ಮ ಅಭಿಪ್ರಾಯವಿದು. ಒಂದು ಗಿಡವು ಎಲ್ಲಿಂದ ಬಂತೆಂಬುದು ಸತ್ಯದ ಪ್ರಶ್ನೆ. ಅದನ್ನು ಮುಚ್ಚುಮರೆಯಿಲ್ಲದೆ ವಿಚಾರಿಸಬೇಕು, ಮಮತೆಗಾಗಿ ಉತ್ತರವನ್ನು ತಿದ್ದಬಾರದು. ಅದನ್ನು ಉಳಿಸಬೇಕೋ ಬೇಡವೋ ಎಂಬುದು ಬೇರೊಂದು ಪ್ರಶ್ನೆ. ಅದಕ್ಕೆ ಅದರ ನಡತೆಯನ್ನು ನೋಡಬೇಕು. ಮರವನ್ನು ಯಾವುದರಿಂದ ಗುರುತಿಸಬೇಕೆಂದು ಕರ್ತನು ಕಲಿಸಿದ್ದನ್ನು ನಮ್ಮ ವಾಚಕರು ಬಲ್ಲರು. ಮೋವಾಬ್ ದೇಶದಿಂದ ಅತ್ತೆಯ ಕೈಹಿಡಿದು ಬಂದ ರೂತಳು ಬೇತ್ಲೆಹೇಮಿನ ಹೊಲಗಳಲ್ಲಿ ಹಕ್ಕಲಾಯ್ದು, ಕಡೆಗೆ ಆ ಊರಿನ ಹೆಮ್ಮೆಯ ಮನೆತನಕ್ಕೆ ತಾಯಿಯಾದಳು. ಅವಳು ಪರದೇಶಿಯೆಂಬುದನ್ನು ವೇದಗ್ರಂಥವು ಎಲ್ಲಿಯೂ ಮರೆಮಾಡುವುದಿಲ್ಲ.

ಈ ಶಾಲೆಯಲ್ಲಿ ಓದಿದ ಅನೇಕರು ಇಂದು ದೂರದ ಊರುಗಳಲ್ಲಿ, ಬೇರೆ ಭಾಷೆಯ ನೆರೆಹೊರೆಯಲ್ಲಿ ಸಂಸಾರ ಹೂಡಿದ್ದಾರೆ. ಅಲ್ಲಿಯ ದಾರಿಯ ಬದಿಯಲ್ಲಿ, ಗುಡ್ಡದ ಮೇಲೆ, ಕೆರೆಯ ಏರಿಯಲ್ಲಿ ಎಷ್ಟೋ ಗಿಡಗಳಿರುವುವು. ಮಕ್ಕಳು ಅವುಗಳನ್ನು ತೋರಿಸಿ ಇದು ಎಲ್ಲಿಯದೆಂದು ಕೇಳಿದಾಗ, ಕೆಲಸದ ಅವಸರದಲ್ಲಿ ಇಲ್ಲಿಯದೇ ಎಂದು ಸುಮ್ಮನಿರಿಸದೆ, ಒಂದು ಎಲೆಯನ್ನು ಪುಸ್ತಕದ ನಡುವೆ ಒತ್ತಿಟ್ಟು, ತಿಳಿದವರನ್ನು ಕೇಳಿ ಉತ್ತರ ಹೇಳಬೇಕೆಂದು ಕೋರುತ್ತೇವೆ. ಸುಮಾರು ೩೦೦ ವರ್ಷಗಳ ಕಾಲ ವಿದ್ವಾಂಸರನ್ನು ಕಾಡಿದ ವಿಚಾರವೂ ಇಷ್ಟೇ ಚಿಕ್ಕದಾದ ಒಂದು ಪ್ರಶ್ನೆಯಿಂದ ಮೊದಲಾಯಿತು.